ಬೈಬಲ್ ಪುರಾತತ್ವಕ್ಕೆ ಕೈಹಾಕುವುದು ಹೇಗೆ: ಲಾಕೀಷ್ ಎಂಬ ಒಂದೇ ಊರಿನಿಂದ ಶುರು ಮಾಡೋಣ

ನಮ್ಮಲ್ಲಿ ಹೆಚ್ಚಿನವರಿಗೆ ಈ ಆಸಕ್ತಿ ಹುಟ್ಟುವುದೇ ವಾಟ್ಸಾಪ್‌ನಿಂದ. ನೋಹನ ನಾವೆ ಸಿಕ್ಕಿತಂತೆ, ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಚಕ್ರ ಇದೆಯಂತೆ ಅಂತ ಒಂದು ವಿಡಿಯೋ ಬರುತ್ತದೆ. ಭಾನುವಾರ ಆರಾಧನೆ ಮುಗಿದ ಮೇಲೆ ಅದೇ ಮಾತು. ಆದರೆ ಟರ್ಕಿಯ ದುರುಪಿನಾರ್‌ನಲ್ಲಿರುವ ದೋಣಿ ಆಕಾರದ ದಿಣ್ಣೆ ಪ್ರಕೃತಿಯೇ ಮಾಡಿದ್ದು ಎಂದು ಭೂವಿಜ್ಞಾನಿಗಳು ಹೇಳಿದ್ದಾರೆ. ರಥದ ಚಕ್ರ ಅಂತೂ ಪುರಾತತ್ವಜ್ಞರ ಪರೀಕ್ಷೆಗೆ ಬಂದದ್ದು ಒಂದೂ ಇಲ್ಲ.

ನಿಜವಾಗಿ ಸಿಕ್ಕಿರುವ ವಸ್ತುಗಳು ಇದಕ್ಕಿಂತ ಎಷ್ಟೋ ಸ್ವಾರಸ್ಯವಾಗಿವೆ. ಅವನ್ನು ನೋಡಲು ಇಂಗ್ಲಿಷ್ ಸ್ವಲ್ಪ, ಇಂಟರ್ನೆಟ್ ಸ್ವಲ್ಪ, ತಾಳ್ಮೆ ಜಾಸ್ತಿ ಬೇಕು. ಡಿಗ್ರಿ ಬೇಕಿಲ್ಲ.

ಶುರುವಿನಲ್ಲೇ ಒಂದು ಮಾತು. ಆದಿಕಾಂಡದಿಂದ ಪ್ರಕಟನೆಯವರೆಗೆ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದು ಊರು ಆರಿಸಿಕೊಳ್ಳಿ, ಅದನ್ನು ಚೆನ್ನಾಗಿ ಕಲಿಯಿರಿ. ನನ್ನ ಆಯ್ಕೆ ಲಾಕೀಷ್. ಯೆರೂಸಲೇಮಿನಿಂದ ನೈರುತ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದ ಒಂದು ದೊಡ್ಡ ದಿಬ್ಬ ಅದು, ಅರಬ್ಬಿಯಲ್ಲಿ ತೆಲ್ ಎದ್-ದುವೇರ್. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಈ ಊರನ್ನು ಮುತ್ತಿದ. ಆ ಒಂದು ದಂಡಯಾತ್ರೆಗೆ ಬೈಬಲಿನ ಮಾತಿದೆ, ಶತ್ರುವಿನ ಬರಹವಿದೆ, ಶತ್ರು ಕೆತ್ತಿಸಿದ ಚಿತ್ರವಿದೆ, ನೆಲದಲ್ಲಿ ಸುಟ್ಟ ಪದರವೂ ಇದೆ. ನಾಲ್ಕೂ ಒಟ್ಟಿಗೆ ಸಿಗುವ ಊರು ತೀರಾ ಕಡಿಮೆ.

ಹಂತ 1: ಬೈಬಲ್ ತೆರೆದು, ಅಲ್ಲಿ ಇರುವುದನ್ನಷ್ಟೇ ಓದಿ

2 ಅರಸುಗಳು 18:13ರಿಂದ 19ನೇ ಅಧ್ಯಾಯದ ಕೊನೆಯವರೆಗೆ ಓದಿ. ಆಮೇಲೆ ಯೆಶಾಯ 36 ಮತ್ತು 37, 2 ಪೂರ್ವಕಾಲವೃತ್ತಾಂತ 32, ಮೀಕ 1:13. ಒಂದು ನೋಟ್‌ಬುಕ್ ಇಟ್ಟುಕೊಂಡು ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ವಚನ ಏನು ಹೇಳುತ್ತದೆ ಎಂದು ಬರೆಯಿರಿ. ಬಲಗಡೆ ನಾವು ಏನು ಅಂದುಕೊಂಡಿದ್ದೆವು ಎಂದು.

ಈ ಕೆಲಸ ಬೇಜಾರು ಅನ್ನಿಸಬಹುದು, ಬಿಡಬೇಡಿ. ಲಾಕೀಷ್ ಬಿದ್ದ ಕಥೆ ಬೈಬಲಿನಲ್ಲಿ ಇದೆ ಎಂದು ಬಹಳ ಜನ ನಂಬಿದ್ದಾರೆ. ಓದಿ ನೋಡಿ. ಸನ್ಹೇರೀಬನು ಯೆಹೂದದ ಕೋಟೆಯ ಪಟ್ಟಣಗಳನ್ನೆಲ್ಲ ಹಿಡಿದ ಎಂದಿದೆ. ಅವನು ಲಾಕೀಷಿನಲ್ಲಿದ್ದಾಗ ಯೆಹೂದದ ಅರಸ ಹಿಜ್ಕೀಯ ಅಲ್ಲಿಗೆ ದೂತರನ್ನು ಕಳಿಸಿದ ಎಂದಿದೆ. ಅವನು ಲಾಕೀಷನ್ನು ಮುತ್ತಿದ್ದ ಎಂದು ಪೂರ್ವಕಾಲವೃತ್ತಾಂತ ಹೇಳುತ್ತದೆ. 2 ಅರಸುಗಳು 19:8ರ ಹೊತ್ತಿಗೆ ಅವನು ಅಲ್ಲಿಂದ ಹೊರಟಿದ್ದಾನೆ. ಗೋಡೆ ಹೇಗೆ ಬಿತ್ತು, ಜನರಿಗೆ ಏನಾಯಿತು ಎಂಬ ವಿವರ ಒಂದು ಸಾಲೂ ಇಲ್ಲ. ಪ್ರಸಂಗದಲ್ಲಿ ಕೇಳಿದ್ದು, ಸಂಡೇ ಸ್ಕೂಲಿನ ಚಿತ್ರದಲ್ಲಿ ಕಂಡದ್ದು ಎಲ್ಲ ಸೇರಿ ತಲೆಯಲ್ಲಿ ಇನ್ನೊಂದು ಕಥೆ ಕಟ್ಟಿಕೊಂಡಿರುತ್ತದೆ. ನೆಲದಲ್ಲಿ ಸಿಕ್ಕಿದ್ದನ್ನು ಹೋಲಿಸಬೇಕಾದದ್ದು ವಚನದ ಜೊತೆ, ಆ ಕಥೆಯ ಜೊತೆ ಅಲ್ಲ.

ಹಂತ 2: ಶತ್ರು ಏನು ಬರೆಸಿದ ನೋಡಿ

ಸನ್ಹೇರೀಬ ತನ್ನ ದಂಡಯಾತ್ರೆಗಳ ವರದಿಯನ್ನು ಆರು ಮುಖದ ಮಣ್ಣಿನ ಸ್ತಂಭಗಳ ಮೇಲೆ ಬರೆಸಿದ. ಅವುಗಳಲ್ಲಿ ಟೇಲರ್ ಪ್ರಿಸಂ ಹೆಸರುವಾಸಿ. 1830ರಲ್ಲಿ ನಿನೆವೆಯಲ್ಲಿ ಸಿಕ್ಕಿದ್ದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇದೇ ಬರಹದ ಬೇರೆ ಪ್ರತಿಗಳು ಶಿಕಾಗೋದಲ್ಲೂ ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲೂ ಇವೆ. ಇಂಗ್ಲಿಷ್ ಅನುವಾದ ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಹಿಜ್ಕೀಯನ ಭಾಗ ಚಿಕ್ಕದು, ಅರ್ಧ ಗಂಟೆಯ ಓದು.

ಹಿಜ್ಕೀಯನ 46 ಕೋಟೆಯ ಪಟ್ಟಣಗಳನ್ನು ಹಿಡಿದೆ ಎನ್ನುತ್ತಾನೆ ಸನ್ಹೇರೀಬ. 2,00,150 ಜನರನ್ನು ಹೊರಗೆ ತಂದೆ ಎನ್ನುತ್ತಾನೆ. ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಎನ್ನುತ್ತಾನೆ. ಆದರೆ ಯೆರೂಸಲೇಮನ್ನು ಹಿಡಿದೆ ಎಂದು ಎಲ್ಲೂ ಹೇಳುವುದಿಲ್ಲ. ಇಷ್ಟು ಜಂಬ ಕೊಚ್ಚಿಕೊಳ್ಳುವವನು ಆ ಒಂದು ವಾಕ್ಯ ಬಿಟ್ಟಿದ್ದಾನೆ ಅಂದರೆ ಗಮನಿಸಬೇಕು, ಅಲ್ವಾ?

ಹಿಜ್ಕೀಯ ಸನ್ಹೇರೀಬನಿಗೆ ಕೊಟ್ಟ ಕಪ್ಪದ ಲೆಕ್ಕವನ್ನೂ ಪಕ್ಕಪಕ್ಕ ಇಡಿ. ಬೈಬಲ್ 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ ಎನ್ನುತ್ತದೆ. ಅಶ್ಶೂರದವರ ಲೆಕ್ಕದಲ್ಲಿ ಬಂಗಾರ 30 ಸರಿಯಾಗಿ ಕೂಡುತ್ತದೆ, ಬೆಳ್ಳಿ ಮಾತ್ರ 800. ತೂಕದ ಅಳತೆ ಬೇರೆ ಇತ್ತು ಎನ್ನುವವರಿದ್ದಾರೆ, ಅರಸ ಉಬ್ಬಿಸಿ ಬರೆಸಿದ ಎನ್ನುವವರೂ ಇದ್ದಾರೆ. ವ್ಯತ್ಯಾಸ ಕಂಡರೆ ಗಾಬರಿ ಬೇಡ, ಅದನ್ನು ಮುಚ್ಚಿಡುವುದೂ ಬೇಡ. ನೋಟ್‌ಬುಕ್‌ನಲ್ಲಿ ಹಾಗೇ ಬರೆದಿಡಿ. ಬೈಬಲ್ ಹೇಳುವ, 1,85,000 ಅಶ್ಶೂರದ ಸೈನಿಕರು ಒಂದೇ ರಾತ್ರಿ ಸತ್ತ ವಿಷಯ ಅಶ್ಶೂರದ ಬರಹದಲ್ಲಿ ಇಲ್ಲ. ಈ ಸ್ತಂಭದಲ್ಲಿ ಲಾಕೀಷ್ ಎಂಬ ಹೆಸರೂ ಇಲ್ಲ. ಎರಡನ್ನೂ ಬರೆದಿಡಿ.

ಹಂತ 3: ಗೋಡೆಯ ಮೇಲಿನ ಚಿತ್ರ

ಲಾಕೀಷ್ ಹೆಸರು ಸ್ತಂಭದಲ್ಲಿ ಇಲ್ಲದಿದ್ದರೂ, ಸನ್ಹೇರೀಬನ ನಿನೆವೆಯ ಅರಮನೆಯಲ್ಲಿ ಒಂದು ಕೋಣೆಯ ಗೋಡೆಗಳೇ ಲಾಕೀಷ್‌ಗೆ ಮೀಸಲು. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಆಸ್ಟಿನ್ ಹೆನ್ರಿ ಲೇಯಾರ್ಡ್ ಅವನ್ನು ಅಗೆದು ತೆಗೆಸಿದರು. ಈಗ ಅವೂ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಪ್ರವೇಶ ಉಚಿತ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಒಂದು ಶನಿವಾರ ಇದಕ್ಕೆ ಇಡಬಹುದು. ಉಳಿದವರಿಗೆ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಒಳ್ಳೆಯ ಫೋಟೋಗಳಿವೆ.

ಫೋಟೋ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಊರಿನ ಗೋಡೆಗೆ ಆನಿಸಿದ ಇಳಿಜಾರಿನ ದಿಬ್ಬ ಹುಡುಕಿ. ಅದರ ಮೇಲೆ ಹತ್ತುತ್ತಿರುವ, ಗೋಡೆ ಬಡಿಯುವ ಯಂತ್ರಗಳನ್ನು ನೋಡಿ. ಮೇಲಿನವರು ಉರಿಯುವ ಪಂಜು ಎಸೆಯುತ್ತಿದ್ದಾರೆ. ಯಂತ್ರಕ್ಕೆ ಬೆಂಕಿ ಹತ್ತದಂತೆ ಅಶ್ಶೂರದ ಸೈನಿಕನೊಬ್ಬ ಉದ್ದ ಹಿಡಿಯ ಸೌಟಿನಿಂದ ನೀರು ಹೊಯ್ಯುತ್ತಿದ್ದಾನೆ. ಇಂಥ ಸಣ್ಣ ವಿವರ ಕಂಡಾಗ ಈ ಹವ್ಯಾಸದ ರುಚಿ ಹತ್ತುತ್ತದೆ. ಕೆಳಗಡೆ ಎತ್ತಿನ ಗಾಡಿಯಲ್ಲಿ ಗಂಟುಮೂಟೆ, ಮಕ್ಕಳು, ಹೆಂಗಸರು ಊರು ಬಿಟ್ಟು ಹೋಗುತ್ತಿದ್ದಾರೆ. ಕೊನೆಯಲ್ಲಿ ಸಿಂಹಾಸನದ ಮೇಲೆ ಅರಸ ಕೂತಿದ್ದಾನೆ, ಅವನ ಮುಖವನ್ನು ಮಾತ್ರ ಯಾರೋ ಬೇಕೆಂದೇ ಕೆತ್ತಿ ಹಾಳು ಮಾಡಿದ್ದಾರೆ.

ಕಾಣುವ ಒಂದೊಂದು ವಸ್ತುವಿಗೂ ನಂಬರ್ ಹಾಕಿ. ಇದು ಅಶ್ಶೂರದವರ ಪ್ರಚಾರದ ಚಿತ್ರ ಎಂಬುದು ನೆನಪಿರಲಿ, ಆದ್ದರಿಂದ ಎಲ್ಲವನ್ನೂ ಹಾಗೇ ನಂಬುವ ಹಾಗಿಲ್ಲ. ಯಾವುದು ನೆಲದಲ್ಲೂ ಸಿಕ್ಕಿದೆ ಎಂದು ನೋಡುವುದು ಮುಂದಿನ ಕೆಲಸ.

ಹಂತ 4: ದಿಬ್ಬ, ಪದರ, ಮಡಕೆ

ಇದು ಎಲ್ಲಕ್ಕಿಂತ ಮುಖ್ಯ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಸುಮ್ನೆ.

ಪಶ್ಚಿಮ ಏಷ್ಯಾದ ಹಳೆಯ ಊರುಗಳು ಹೆಚ್ಚಾಗಿ ಹಸಿ ಇಟ್ಟಿಗೆಯವು. ಊರು ಸುಟ್ಟುಹೋದರೆ ಅಥವಾ ಕುಸಿದರೆ ಅದನ್ನೇ ಮಟ್ಟ ಮಾಡಿ ಮೇಲೆ ಇನ್ನೊಂದು ಊರು ಕಟ್ಟುತ್ತಿದ್ದರು. ಹೀಗೆ ನೂರಾರು ವರ್ಷ ನಡೆದು ದಿಬ್ಬ ಎದ್ದಿತು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಆದರೆ ನಡುವೆ ಯಾರೋ ಗುಂಡಿ ತೋಡಿದರೆ ಹೊಸ ವಸ್ತು ಹಳೆಯ ಪದರಕ್ಕೆ ಇಳಿಯುತ್ತದೆ. ಆ ಗುಂಡಿಯ ಅಂಚನ್ನು ಗುರುತಿಸುವುದೇ ಅಗೆಯುವವರ ಕಸುಬು.

ಪದರಕ್ಕೆ ತಾರೀಖು ಕೊಡುವುದು ಹೆಚ್ಚಾಗಿ ಮಡಕೆಯ ಬೋಕಿ. ಮಡಕೆ ಬೇಗ ಒಡೆಯುತ್ತದೆ, ಆದರೆ ಚೂರು ಮಣ್ಣಿನಲ್ಲಿ ಕರಗುವುದಿಲ್ಲ. ಬಾಯಂಚಿನ ಆಕಾರ ಕಾಲಕಾಲಕ್ಕೆ ಬದಲಾಗುತ್ತದೆ. ಇದನ್ನು ಆ ನಾಡಿನಲ್ಲಿ ಮೊದಲು ತೋರಿಸಿದವರು ಫ್ಲಿಂಡರ್ಸ್ ಪೆಟ್ರಿ, 1890ರಲ್ಲಿ, ತೆಲ್ ಎಲ್-ಹೆಸಿ ಎಂಬ ದಿಬ್ಬದಲ್ಲಿ. ತಮಾಷೆ ಏನೆಂದರೆ ಅದೇ ಲಾಕೀಷ್ ಎಂದು ಅವರು ಅಂದುಕೊಂಡಿದ್ದರು. ತೆಲ್ ಎದ್-ದುವೇರ್ ನಿಜವಾದ ಲಾಕೀಷ್ ಎಂದು ವಿಲಿಯಂ ಆಲ್‌ಬ್ರೈಟ್ ಸೂಚಿಸಿದ್ದು 1929ರಲ್ಲಿ.

ಲಾಕೀಷಿನಲ್ಲಿ ಮೊದಲ ದೊಡ್ಡ ಉತ್ಖನನ ಜೇಮ್ಸ್ ಸ್ಟಾರ್ಕಿ ಅವರದ್ದು, 1932ರಿಂದ. ಅವರಿಗೆ ಎರಡು ಸುಟ್ಟ ಪದರಗಳು ಕಂಡವು: ಮೂರನೇ ಪದರ, ಅದರ ಮೇಲೆ ಎರಡನೇ ಪದರ (ಎಣಿಕೆ ಮೇಲಿನಿಂದ ಕೆಳಕ್ಕೆ). ಎರಡನ್ನೂ ಬಾಬೆಲಿನವರೇ ಸುಟ್ಟರು, ಒಂದು ಕ್ರಿ.ಪೂ. 597ರಲ್ಲಿ, ಇನ್ನೊಂದು 586ರಲ್ಲಿ ಎಂದು ಅವರು ತೀರ್ಮಾನಿಸಿದರು. 1938ರ ಜನವರಿಯಲ್ಲಿ ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ ಅವರ ಕೊಲೆಯಾಯಿತು. ವರದಿ ಬರೆಯುವ ಹೊರೆ ತಂಡದಲ್ಲಿದ್ದ ಓಲ್ಗಾ ಟಫ್ನೆಲ್ ಅವರ ಮೇಲೆ ಬಿತ್ತು. ಸುಮಾರು ಇಪ್ಪತ್ತು ವರ್ಷ ಅವರು ಬೋಕಿಗಳ ಜೊತೆ ಕೂತರು.

ಕೂತಾಗ ಒಂದು ವಿಷಯ ಅವರಿಗೆ ಕಂಡಿತು. ಎರಡು ಪದರಗಳ ಮಡಕೆಗಳ ನಡುವೆ ವ್ಯತ್ಯಾಸ ತುಂಬ ಜಾಸ್ತಿ ಇತ್ತು. ಹತ್ತು ಹನ್ನೊಂದು ವರ್ಷಗಳಲ್ಲಿ ಅಷ್ಟು ಬದಲಾಗಲು ಸಾಧ್ಯವಿಲ್ಲ. ಹಾಗಾದರೆ ಮೂರನೇ ಪದರ ಸುಟ್ಟದ್ದು 701ರಲ್ಲಿ, ಸನ್ಹೇರೀಬನ ಕೈಯಲ್ಲಿ ಎಂದರು. ದೊಡ್ಡ ದೊಡ್ಡ ವಿದ್ವಾಂಸರು ಒಪ್ಪಲಿಲ್ಲ. 1973ರಿಂದ ಡೇವಿಡ್ ಉಸ್ಸಿಷ್ಕಿನ್ ಅವರ ತಂಡ ಮತ್ತೆ ಅಗೆದಾಗ ಟಫ್ನೆಲ್ ಹೇಳಿದ್ದೇ ಸರಿ ಎಂದು ಗಟ್ಟಿಯಾಯಿತು. ಮುತ್ತಿಗೆಗೆ ಕಟ್ಟಿದ ಇಳಿಜಾರಿನ ದಿಬ್ಬವನ್ನೂ ಆ ತಂಡ ಊರಿನ ನೈರುತ್ಯ ಮೂಲೆಯಲ್ಲಿ ಅಗೆದು ತೋರಿಸಿತು. ಬಾಣದ ಮೊನೆಗಳು, ಕವಣೆ ಕಲ್ಲುಗಳು ಸಿಕ್ಕವು. ಈಗ ನಿಮ್ಮ ನಂಬರ್ ಹಾಕಿದ ಚಿತ್ರ ತೆಗೆದು ಟಿಕ್ ಹಾಕಬಹುದು.

ಒಂದು ಪದರಕ್ಕೆ ತಾರೀಖು ಗಟ್ಟಿಯಾದರೆ ಲಾಭ ಆ ಊರಿಗಷ್ಟೇ ಅಲ್ಲ. ಮೂರನೇ ಪದರದಲ್ಲಿ ದೊಡ್ಡ ಜಾಡಿಗಳಿದ್ದವು. ಅವುಗಳ ಹಿಡಿಯ ಮೇಲೆ ‘ಅರಸನದು’ ಎಂಬ ಮುದ್ರೆ, ನಾಲ್ಕು ರೆಕ್ಕೆಯ ಜೀರುಂಡೆಯೋ ಎರಡು ರೆಕ್ಕೆಯ ಸೂರ್ಯನೋ ಒಂದು ಗುರುತು, ಕೆಳಗೆ ಒಂದು ಊರಿನ ಹೆಸರು: ಹೆಬ್ರೋನ್, ಸೋಕೋ, ಜೀಫ್, ಮತ್ತೆ ನಾಲ್ಕನೆಯದು ಎಲ್ಲಿತ್ತೆಂದು ಇವತ್ತಿಗೂ ತೀರ್ಮಾನವಾಗದ ಒಂದು ಊರು. ಇದೇ ಮುದ್ರೆಯ ಜಾಡಿ ಯೆಹೂದದ ಬೇರೆ ದಿಬ್ಬದಲ್ಲಿ ಸಿಕ್ಕರೆ, ಆ ಪದರ ಹಿಜ್ಕೀಯನ ಕಾಲದ ಆಸುಪಾಸಿನದು ಎನ್ನಲು ದಾರಿಯಾಯಿತು. ಇಡೀ ನಾಡಿನ ಕಾಲಗಣನೆ ಹೀಗೆ ಒಂದು ಹಿಡಿಯಿಂದ ಇನ್ನೊಂದು ಹಿಡಿಗೆ ಕಟ್ಟಿಕೊಂಡು ಹೋಗಿದೆ.

ಎರಡನೇ ಪದರದ ಬಾಗಿಲ ಕೋಣೆಯಲ್ಲಿ 1935ರಲ್ಲಿ ಬೋಕಿಗಳ ಮೇಲೆ ಮಸಿಯಲ್ಲಿ ಬರೆದ ಪತ್ರಗಳು ಸಿಕ್ಕವು. ಒಂದರಲ್ಲಿ, ಲಾಕೀಷಿನ ಬೆಂಕಿಯ ಸಂಕೇತಕ್ಕೆ ಕಾಯುತ್ತಿದ್ದೇವೆ, ಅಜೇಕದ್ದು ಕಾಣುತ್ತಿಲ್ಲ ಎಂಬ ಅರ್ಥದ ಮಾತಿದೆ. ಅದನ್ನು ಓದಿದ ಮೇಲೆ ಯೆರೆಮೀಯ 34:7 ತೆಗೆಯಿರಿ.

ನಮ್ಮ ಚಿತ್ರದುರ್ಗದ ಒಂದು ಕೊಂಡಿ

ಪದರಗಳನ್ನು ಚೌಕಗಳಲ್ಲಿ ಅಗೆದು, ನಡುವೆ ಮಣ್ಣಿನ ಗೋಡೆ ಉಳಿಸಿ, ಅದರ ಬದಿಯನ್ನು ಓದುವ ಪದ್ಧತಿಗೆ ವೀಲರ್–ಕೆನ್ಯನ್ ಪದ್ಧತಿ ಎಂದು ಹೆಸರು. ಕ್ಯಾಥ್ಲೀನ್ ಕೆನ್ಯನ್ ಇದನ್ನು ಕಲಿತದ್ದು ಇಂಗ್ಲೆಂಡಿನಲ್ಲಿ ಮಾರ್ಟಿಮರ್ ವೀಲರ್ ಅವರ ಬಳಿ. 1952ರಲ್ಲಿ ಅದನ್ನು ಯೆರಿಕೋಗೆ ಒಯ್ದರು. ಅದೇ ವೀಲರ್ 1944ರಿಂದ 1948ರವರೆಗೆ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರು. 1947ರಲ್ಲಿ ಅವರು ಅಗೆದದ್ದು ಮೊಳಕಾಲ್ಮೂರಿನ ಬ್ರಹ್ಮಗಿರಿ ಮತ್ತು ಚಿತ್ರದುರ್ಗದ ಚಂದ್ರವಳ್ಳಿ.

ಆ ಉತ್ಖನನದ ವರದಿಯನ್ನು ಇಲಾಖೆಯೇ ಪ್ರಕಟಿಸಿದೆ. ಅದರಲ್ಲಿರುವ ಪದರಗಳ ನಕ್ಷೆ, ಬೋಕಿಗಳ ಚಿತ್ರ ನೋಡಿದರೆ ಯೆರಿಕೋ ವರದಿ ಓದುವುದು ಅರ್ಧ ಕಲಿತಂತೆ. ಊರು ನಮ್ಮದೇ ಆದ್ದರಿಂದ ಮಣ್ಣು, ಕಲ್ಲು, ಮಡಕೆ ಯಾವುದೂ ಅಪರಿಚಿತ ಅಲ್ಲ. ಚಂದ್ರವಳ್ಳಿಗೆ ಹೋಗಿ ನೋಡಿ ಬನ್ನಿ. ಒಂದು ಬೋಕಿಯನ್ನೂ ಜೇಬಿಗೆ ಹಾಕಬೇಡಿ. ಅದು ಕಾನೂನಿಗೆ ವಿರುದ್ಧ, ಕಾನೂನು ಇಲ್ಲದಿದ್ದರೂ ತಪ್ಪೇ.

ಹಂತ 5: ಕೈಗೆ ಮಣ್ಣು ತಾಗಲಿ

ಓದುವುದರಿಂದ ಮಾತ್ರ ಬೋಕಿ ಅರ್ಥವಾಗುವುದಿಲ್ಲ. ಕುಂಬಾರರ ಹತ್ತಿರ, ಇಲ್ಲವೇ ಸಂತೆಯಲ್ಲಿ, ಎರಡು ಮೂರು ಬಗೆಯ ಮಡಕೆ ತನ್ನಿ. ಒಡೆದದ್ದನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಬಾಯಂಚು ಇರುವ ಅಂಗೈ ಅಗಲದ ಚೂರು ಬೇಕು.

ಒಂದು ದಪ್ಪ ಕಾಗದದ ಮೇಲೆ ಕೈವಾರದಿಂದ ಒಂದರೊಳಗೆ ಒಂದು ವೃತ್ತ ಎಳೆಯಿರಿ, ಅರ್ಧ ಅರ್ಧ ಸೆಂಟಿಮೀಟರ್ ಅಂತರದಲ್ಲಿ. ಚೂರನ್ನು ಬಾಯಂಚು ಕೆಳಗಾಗಿ ಅದರ ಮೇಲೆ ಇಡಿ. ಅಂಚಿನ ಕೆಳಗೆ ಬೆಳಕು ನುಸುಳದಂತೆ ಸ್ವಲ್ಪ ಸ್ವಲ್ಪ ಓರೆ ಮಾಡಿ. ಬೆಳಕು ನಿಂತಾಗ ಸಿಕ್ಕ ಓರೆಯೇ ಮಡಕೆ ಇದ್ದಾಗಿನ ನಿಲುವು. ಈಗ ಅಂಚಿನ ಬಾಗು ಯಾವ ವೃತ್ತಕ್ಕೆ ಕೂಡುತ್ತದೋ ಅದೇ ಬಾಯಿಯ ಅಗಲ. ಗ್ರಾಫ್ ಹಾಳೆಯಲ್ಲಿ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ಚೂರಿನ ಅಡ್ಡಕೊಯ್ತವನ್ನು ಕಪ್ಪಾಗಿ ತುಂಬಿ, ಇನ್ನೊಂದು ಕಡೆ ಹೊರಗಿನ ರೂಪ ಬಿಡಿಸಿ. ಉತ್ಖನನದ ವರದಿಗಳಲ್ಲಿ ನೂರಾರು ಪುಟ ತುಂಬಿರುವ ಆ ವಿಚಿತ್ರ ಚಿತ್ರಗಳು ಇವೇ. ನಾಲ್ಕು ಚೂರು ನೀವೇ ಬಿಡಿಸಿದ ಮೇಲೆ ಆ ಪುಟಗಳು ಮಾತಾಡತೊಡಗುತ್ತವೆ.

ಜೊತೆಗೆ ಕಾಲಗಳ ಹೆಸರೂ ಬಾಯಿಪಾಠ ಆಗಬೇಕು. ಸ್ಥೂಲವಾಗಿ ಹೇಳುವುದಾದರೆ, ಕ್ರಿ.ಪೂ. 2000ರಿಂದ 1550 ಮಧ್ಯ ಕಂಚಿನ ಯುಗ, 1550ರಿಂದ 1200 ಕೊನೆಯ ಕಂಚಿನ ಯುಗ, 1200ರಿಂದ 1000 ಮೊದಲ ಕಬ್ಬಿಣ ಯುಗ, 1000ದಿಂದ 586 ಎರಡನೇ ಕಬ್ಬಿಣ ಯುಗ. ಆಮೇಲೆ ಬಾಬೆಲ್, ಪಾರಸಿ, ಗ್ರೀಕ್, ರೋಮನ್ ಕಾಲಗಳು. ಈ ಅಂಕಿಗಳ ಬಗ್ಗೆಯೂ ಜಗಳ ಇದೆ. ಸೊಲೊಮೋನನ ಕಾಲದ್ದು ಎಂದಿದ್ದ ಪದರಗಳನ್ನು ಇಸ್ರೇಲ್ ಫಿಂಕೆಲ್‌ಸ್ಟೈನ್ 1990ರ ದಶಕದಲ್ಲಿ ಕೆಳಕ್ಕೆ, ಕ್ರಿ.ಪೂ. ಒಂಬತ್ತನೇ ಶತಮಾನದ ಕಡೆಗೆ ಎಳೆದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಶಿಸ್ತಾಗಿ ಕಲಿಯಬೇಕು ಎನ್ನುವವರಿಗೆ ಇಸ್ರೇಲಿನ ವಿಶ್ವವಿದ್ಯಾಲಯಗಳು ಆನ್‌ಲೈನ್ ಕೋರ್ಸ್ ಮಾಡಿವೆ. ಬಾರ್-ಇಲಾನ್ ವಿಶ್ವವಿದ್ಯಾಲಯದ್ದು ಎಡ್‌ಎಕ್ಸ್‌ನಲ್ಲಿ, ತೆಲ್ ಅವೀವ್‌ನದು ಕೋರ್ಸೆರಾದಲ್ಲಿ ಬಂದಿವೆ. ಬೈಬಲಿನ ಹಳೆಯ ಹಸ್ತಪ್ರತಿಗಳಿರುವ ಸತ್ತ ಸಮುದ್ರದ ಸುರುಳಿಗಳನ್ನು ನೋಡಲು ಲಿಯಾನ್ ಲೆವಿ ಡಿಜಿಟಲ್ ಗ್ರಂಥಾಲಯವಿದೆ. ಪುಸ್ತಕ ಬೇಕಾದರೆ ಹತ್ತಿರದ ದೇವಜ್ಞಾನ ಕಾಲೇಜಿನ ಗ್ರಂಥಾಲಯದಲ್ಲಿ ವಿಚಾರಿಸಿ. ಬೆಂಗಳೂರು, ಮಂಗಳೂರು ಎರಡೂ ಕಡೆ ಇಂಥ ಕಾಲೇಜುಗಳಿವೆ. ನಿಮ್ಮ ಸಭಾಪಾಲಕರ ಒಂದು ಪತ್ರ ಇದ್ದರೆ ಒಳಗೆ ಬಿಡುವ ಸಾಧ್ಯತೆ ಜಾಸ್ತಿ.

ಹಂತ 6: ಸುದ್ದಿ ಬಂದಾಗ ಏನು ಕೇಳಬೇಕು

2023ರ ಮಾರ್ಚ್‌ನಲ್ಲಿ ಲಾಕೀಷ್ ಮತ್ತೆ ಸುದ್ದಿಯಾಯಿತು. ಅಲ್ಲಿಗೆ ಸುತ್ತಾಡಲು ಹೋದವರೊಬ್ಬರಿಗೆ ನೆಲದ ಮೇಲೆ ಒಂದು ಬೋಕಿ ಸಿಕ್ಕಿತ್ತು. ಅದರ ಮೇಲೆ ಪಾರಸಿಯ ಅರಸ ದಾರ್ಯಾವೆಷನ 24ನೇ ವರ್ಷ ಎಂದು ಬರೆದಿತ್ತು. ಇಸ್ರೇಲಿನ ಪುರಾತತ್ವ ಪ್ರಾಧಿಕಾರವೇ ಪರೀಕ್ಷಿಸಿ, ಇದು ಅಸಲಿ ಎಂದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಮಾತು ಹಿಂದಕ್ಕೆ ತೆಗೆದುಕೊಂಡಿತು. ಹಿಂದಿನ ಬೇಸಿಗೆಯಲ್ಲಿ ಅಲ್ಲಿಗೆ ಬಂದಿದ್ದ ವಿದ್ವಾಂಸೆಯೊಬ್ಬರು, ಹಳೆ ಕಾಲದಲ್ಲಿ ಬೋಕಿಯ ಮೇಲೆ ಹೇಗೆ ಬರೆಯುತ್ತಿದ್ದರು ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಹಳೆಯ ಚೂರಿನ ಮೇಲೆ ಬರೆದು, ಅದನ್ನು ಅಲ್ಲೇ ಬಿಟ್ಟು ಹೋಗಿದ್ದರು. ಬೋಕಿ ಹಳೆಯದೇ. ಬರಹ ಮಾತ್ರ ಹೊಸದು. ಪರಿಣತರಿಗೇ ಹೀಗಾಗುವಾಗ ನಾವು ಎಷ್ಟು ಜಾಗ್ರತೆ ಇರಬೇಕು ನೋಡಿ.

ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದು ಎಲ್ಲಿ ಸಿಕ್ಕಿತು? ಯಾವ ಪದರದಲ್ಲಿ, ಯಾರ ಕಣ್ಣ ಮುಂದೆ? ಸತ್ತವರ ಎಲುಬು ಇಡುತ್ತಿದ್ದ ಎರಡು ಕಲ್ಲಿನ ಪೆಟ್ಟಿಗೆಗಳನ್ನು ಹೋಲಿಸಿ. 1990ರಲ್ಲಿ ಯೆರೂಸಲೇಮಿನ ದಕ್ಷಿಣಕ್ಕೆ ಕಾಮಗಾರಿ ನಡೆಯುವಾಗ ಒಂದು ಸಮಾಧಿ ಗುಹೆ ತೆರೆದುಕೊಂಡಿತು. ಪುರಾತತ್ವಜ್ಞರೇ ಹೋಗಿ ತೆಗೆದ ಪೆಟ್ಟಿಗೆಗಳಲ್ಲಿ ಒಂದರ ಮೇಲೆ ಕಾಯಫನ ಹೆಸರಿತ್ತು. ಇನ್ನೊಂದು, 2002ರಲ್ಲಿ ಪ್ರಪಂಚದ ಮುಂದೆ ಬಂದ ‘ಯೇಸುವಿನ ಸಹೋದರ ಯಾಕೋಬ’ ಎಂಬ ಬರಹದ ಪೆಟ್ಟಿಗೆ. ಅದು ಒಬ್ಬ ಸಂಗ್ರಾಹಕರ ಮನೆಯಿಂದ ಬಂತು. ನಕಲು ಮಾಡಿದ ಆರೋಪದ ಮೊಕದ್ದಮೆ ವರ್ಷಗಟ್ಟಲೆ ನಡೆದು 2012ರಲ್ಲಿ ಖುಲಾಸೆಯಾಯಿತು. ಆದರೆ ಇದರಿಂದ ಬರಹ ಅಸಲಿ ಎಂದಾಗುವುದಿಲ್ಲ ಎಂದು ನ್ಯಾಯಾಧೀಶರೇ ಹೇಳಿದರು. ಯಾವ ಸಮಾಧಿಯಿಂದ ಬಂತು ಎಂದು ಗೊತ್ತಿಲ್ಲದ ಮೇಲೆ ವಾದಕ್ಕೆ ಕೊನೆ ಇಲ್ಲ.

ಉಳಿದ ಪ್ರಶ್ನೆಗಳು: ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟವಾಗಿದೆಯಾ, ಬರೀ ಯೂಟ್ಯೂಬ್‌ನಲ್ಲಿದೆಯಾ? ಎಷ್ಟು ಅಕ್ಷರ ನಿಜವಾಗಿ ಕಾಣುತ್ತದೆ, ಎಷ್ಟು ಊಹೆ? ಒಪ್ಪದವರು ಯಾರು, ಏಕೆ? ಇಷ್ಟಕ್ಕೆ ಉತ್ತರ ಸಿಗುವವರೆಗೆ ಸಭೆಯ ಗುಂಪಿಗೆ ಫಾರ್ವರ್ಡ್ ಮಾಡಬೇಡಿ.

ಕೊಳ್ಳಬೇಡಿ

ಪ್ರವಾಸ ಹೋದಾಗ ಹಳೆ ದೀಪ, ನಾಣ್ಯ, ಬಾಣದ ಮೊನೆ ಮಾರುವ ಅಂಗಡಿ ಕಾಣುತ್ತದೆ. ಇಸ್ರೇಲಿನಲ್ಲಿ ಪರವಾನಗಿ ಇರುವ ಅಂಗಡಿಗಳೂ ಇವೆ. ಆದರೂ ನನ್ನ ಸಲಹೆ, ಕೊಳ್ಳಲೇಬೇಡಿ. ಗಿರಾಕಿ ಇರುವುದರಿಂದಲೇ ಕಳ್ಳರು ರಾತ್ರಿ ಸಮಾಧಿ ಒಡೆಯುತ್ತಾರೆ. ದೊಡ್ಡವರೂ ಇಲ್ಲಿ ಸಿಕ್ಕಿಬಿದ್ದಿದ್ದಾರೆ. ಕ್ರೈಸ್ತ ಮಾಲೀಕರ ಅಮೆರಿಕನ್ ಕಂಪನಿ ಹಾಬಿ ಲಾಬಿ, ಇರಾಕಿನಿಂದ ಬಂದ ಸಾವಿರಾರು ವಸ್ತುಗಳನ್ನು ಕೊಂಡು, 2017ರಲ್ಲಿ ಅವನ್ನು ಬಿಟ್ಟುಕೊಟ್ಟು 30 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂನಲ್ಲಿದ್ದ ಸತ್ತ ಸಮುದ್ರದ ಸುರುಳಿಯ 16 ತುಣುಕುಗಳೂ ನಕಲಿ ಎಂದು 2020ರಲ್ಲಿ ತಿಳಿಯಿತು. ನೆನಪಿಗೆ ಏನಾದರೂ ಬೇಕಿದ್ದರೆ ಮ್ಯೂಸಿಯಂ ಅಂಗಡಿಯ ಪ್ರತಿಕೃತಿ ಸಾಕು.

ಹಂತ 7: ಹೋಗುವುದಾದರೆ

ಎರಡು ದಾರಿ ಇದೆ. ಒಂದು ಪವಿತ್ರ ನಾಡಿನ ಗುಂಪು ಪ್ರವಾಸ. ಅದರಲ್ಲಿ ಸಾಮಾನ್ಯವಾಗಿ ಲಾಕೀಷ್ ಇರುವುದಿಲ್ಲ. ದುಡ್ಡು ಕಟ್ಟುವ ಮೊದಲೇ ಇಸ್ರೇಲ್ ಮ್ಯೂಸಿಯಂಗೆ ಅರ್ಧ ದಿನ ಕೇಳಿ ಇಟ್ಟುಕೊಳ್ಳಿ. ‘ದಾವೀದನ ಮನೆತನ’ ಎಂಬ ಮಾತಿರುವ ತೆಲ್ ದಾನ್ ಶಾಸನ, ಪಿಲಾತನ ಹೆಸರಿನ ಕಲ್ಲು, ಯೆಶಾಯನ ಸುರುಳಿ ಎಲ್ಲ ಒಂದೇ ಆವರಣದಲ್ಲಿ. ಪಿಲಾತನ ಕಲ್ಲು 1961ರಲ್ಲಿ ಸಿಕ್ಕಿದ್ದು ಕೈಸರೈಯದಲ್ಲಿ, ಆದರೆ ಅಲ್ಲಿ ಈಗ ನಿಲ್ಲಿಸಿರುವುದು ಪ್ರತಿಕೃತಿ. ಯೆರೂಸಲೇಮಿನಲ್ಲಿ ಹಿಜ್ಕೀಯನ ಸುರಂಗ ತಪ್ಪಿಸಬೇಡಿ. 533 ಮೀಟರ್ ಉದ್ದ, ಒಳಗೆ ನೀರು, ಕತ್ತಲೆ. ಟಾರ್ಚ್ ಮತ್ತು ನೆನೆಯುವ ಚಪ್ಪಲಿ ಬೇಕು. ಮಂಡಿನೋವು ಇರುವವರು, ಇಕ್ಕಟ್ಟಾದ ಜಾಗಕ್ಕೆ ಹೆದರುವವರು ಪಕ್ಕದ ಒಣ ಸುರಂಗದಲ್ಲಿ ಹೋಗಬಹುದು. ಸುರಂಗ ತೋಡಿದ ರೀತಿಯನ್ನು ಹೇಳುವ ಸಿಲೋವದ ಶಾಸನ 1880ರಲ್ಲಿ ಸಿಕ್ಕಿತು. ಆಗ ತುರ್ಕರ ಆಳ್ವಿಕೆ, ಹಾಗಾಗಿ ಅದು ಇಸ್ತಾಂಬುಲ್‌ನಲ್ಲಿದೆ.

ಇನ್ನೊಂದು ದಾರಿ ಸ್ವಯಂಸೇವಕರಾಗಿ ಅಗೆಯುವುದು. ಶಿಬಿರಗಳು ಹೆಚ್ಚಾಗಿ ಜೂನ್, ಜುಲೈನಲ್ಲಿ. ಅಮೆರಿಕದ ಬಿಬ್ಲಿಕಲ್ ಆರ್ಕಿಯಾಲಜಿ ಸೊಸೈಟಿ ಪ್ರತಿ ವರ್ಷ ಶಿಬಿರಗಳ ಪಟ್ಟಿ ಕೊಡುತ್ತದೆ. ಊಟ ವಸತಿಯ ಖರ್ಚು ನಿಮ್ಮದೇ, ಸಂಬಳ ಇಲ್ಲ. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದ ಮೇಲೆ ಎಷ್ಟೋ ಶಿಬಿರಗಳು ರದ್ದಾದವು. ಆದ್ದರಿಂದ ಭಾರತ ಸರ್ಕಾರದ ಪ್ರಯಾಣ ಸೂಚನೆ ನೋಡದೆ ಟಿಕೆಟ್ ತೆಗೆಯಬೇಡಿ. ಯಾವ ವೀಸಾ ಬೇಕು ಎಂದು ಶಿಬಿರದವರನ್ನೇ ಬರಹದಲ್ಲಿ ಕೇಳಿ. ಜೋರ್ಡನ್‌ನಲ್ಲೂ ಉತ್ಖನನಗಳು ನಡೆಯುತ್ತವೆ.

ಬೆಳಗಿನ ಜಾವ ಐದರ ಹೊತ್ತಿಗೆ ಕೆಲಸ ಶುರು, ಬಿಸಿಲು ಏರಿದ ಮೇಲೆ ಮಧ್ಯಾಹ್ನಕ್ಕೆ ನಿಲ್ಲುತ್ತದೆ. ಕೈಯಲ್ಲಿ ಚಿಕ್ಕ ಪಿಕಾಸಿ, ಗಾರೆ ಕೆಲಸದ ಕರಣೆ, ಬ್ರಷ್, ಮಣ್ಣು ಹೊರಲು ರಬ್ಬರ್ ಬುಟ್ಟಿ. ಐದು ಮೀಟರ್ ಚೌಕದಲ್ಲಿ ಕೂತು ಕೆರೆಯುತ್ತೀರಿ. ಮಧ್ಯಾಹ್ನದ ಮೇಲೆ ಬೋಕಿ ತೊಳೆಯುವುದು. ವಯಸ್ಸಾದವರಿಗೆ ಈ ತೊಳೆಯುವ ಕೆಲಸವೇ ಒಳ್ಳೆಯದು, ಕಲಿಯುವುದೂ ಅಲ್ಲೇ ಜಾಸ್ತಿ. ಮುಚ್ಚಿದ ಶೂ, ಅಗಲದ ಟೋಪಿ, ಕೈಗವಸು, ಓಆರ್‌ಎಸ್ ಪುಡಿ ಇರಲಿ. ಏನಾದರೂ ಹೊಳೆದರೆ ಎಳೆದು ತೆಗೆಯಬೇಡಿ. ಇದ್ದಲ್ಲೇ ಬಿಟ್ಟು ಮೇಲ್ವಿಚಾರಕರನ್ನು ಕರೆಯಿರಿ.

ಹವ್ಯಾಸಿಗಳು ಸರಿಯಾಗಿ ನಡೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ 1986ರ ಗಲಿಲಾಯದ ದೋಣಿ ಸಾಕ್ಷಿ. ಬರಗಾಲದಲ್ಲಿ ಸರೋವರ ಹಿಂದೆ ಸರಿದಾಗ ಗಿನ್ನೊಸಾರ್‌ನ ಇಬ್ಬರು ಅಣ್ಣತಮ್ಮಂದಿರಿಗೆ ಕೆಸರಿನಲ್ಲಿ ಹಲಗೆಯ ಅಂಚು ಕಂಡಿತು. ತಾವೇ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದರು. ಎಂಟು ಮೀಟರಿಗಿಂತ ಉದ್ದದ, ಯೇಸುವಿನ ಕಾಲದ ಆಸುಪಾಸಿನ ದೋಣಿ ಅದು. ಒದ್ದೆ ಮರ ಒಣಗಿ ಪುಡಿಯಾಗದಂತೆ ವರ್ಷಗಟ್ಟಲೆ ರಾಸಾಯನಿಕದಲ್ಲಿ ಇಟ್ಟು ಉಳಿಸಿದರು. ಅದು ಯೇಸುವಿನ ದೋಣಿ ಎನ್ನಲು ಆಧಾರವಿಲ್ಲ. ಪೇತ್ರ, ಅಂದ್ರೆಯ ಹತ್ತುತ್ತಿದ್ದ ದೋಣಿಗಳು ಹೇಗಿದ್ದವು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ವಿಶ್ವಾಸಕ್ಕೆ ಪೆಟ್ಟು ಬೀಳುತ್ತದಾ?

ಈ ಪ್ರಶ್ನೆ ಬಂದೇ ಬರುತ್ತದೆ, ಹೆಚ್ಚಾಗಿ ಯೆರಿಕೋ ವಿಷಯದಲ್ಲಿ. 1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್, ಯೆಹೋಶುವನ ಕಾಲದ ಬಿದ್ದ ಗೋಡೆ ಸಿಕ್ಕಿತು ಎಂದರು. ಸಭೆಗಳಲ್ಲಿ ಸಂತೋಷವೋ ಸಂತೋಷ. 1950ರ ದಶಕದಲ್ಲಿ ಕೆನ್ಯನ್ ಪದರಗಳನ್ನು ಓದಿ, ಆ ಗೋಡೆ ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು ಎಂದರು. ದೊಡ್ಡ ಊರು ನಾಶವಾದದ್ದು ಸುಮಾರು ಕ್ರಿ.ಪೂ. 1550ರಲ್ಲಿ ಎಂದರು. ಬ್ರಯಂಟ್ ವುಡ್ 1990ರಲ್ಲಿ ಮಡಕೆಗಳನ್ನು ಹಿಡಿದು ಅದನ್ನು 1400ರ ಹತ್ತಿರ ತರಲು ವಾದಿಸಿದರು. ಹೆಚ್ಚಿನ ವಿದ್ವಾಂಸರು ಕೆನ್ಯನ್ ಕಡೆ ಇದ್ದಾರೆ. ಸಭೆಯಲ್ಲಿ ಹೇಳುವಾಗ ಮೂರನ್ನೂ ಹೇಳಿ. ಗಾರ್‌ಸ್ಟಾಂಗ್ ಒಬ್ಬರನ್ನೇ ಹೇಳಿ ಚಪ್ಪಾಳೆ ತೆಗೆದುಕೊಂಡರೆ, ನಾಳೆ ಕಾಲೇಜಿಗೆ ಹೋಗುವ ಹುಡುಗ ಕೆನ್ಯನ್ ಹೆಸರು ಕೇಳಿದ ದಿನ ನಿಮ್ಮ ಮಾತಿನ ಜೊತೆ ಬೇರೆಯದನ್ನೂ ಬಿಟ್ಟುಬಿಡುತ್ತಾನೆ.

ಇನ್ನೊಂದು ಕಡೆಯಿಂದ ನೋಡಿ. ದಾವೀದ ಬರೀ ಕಥೆ ಎನ್ನುವ ಮಾತು ಕೆಲವು ವಿದ್ವಾಂಸರಲ್ಲಿ ಜೋರಾಗಿದ್ದಾಗಲೇ, 1993ರಲ್ಲಿ ತೆಲ್ ದಾನ್ ಶಾಸನ ಸಿಕ್ಕಿತು. ಕ್ರಿ.ಪೂ. ಒಂಬತ್ತನೇ ಶತಮಾನದ ಶತ್ರು ಅರಸನೊಬ್ಬ ಆ ಮನೆತನದ ಹೆಸರು ಹೇಳಿದ್ದಾನೆ. ಆದರೆ ದಾವೀದನ ರಾಜ್ಯ ಎಷ್ಟು ದೊಡ್ಡದಿತ್ತು ಎಂದು ಆ ಕಲ್ಲು ಹೇಳುವುದಿಲ್ಲ. ಅದು ಹೇಳಿದಷ್ಟನ್ನೇ ತೆಗೆದುಕೊಳ್ಳಬೇಕು. 185,000 ಜನ ಸತ್ತ ರಾತ್ರಿಯನ್ನು ಯಾವ ಕರಣೆಯೂ ಅಗೆದು ತೋರಿಸಲಾರದು, ಇಲ್ಲವೆಂದೂ ತೋರಿಸಲಾರದು. ನಾನು ವಿಶ್ವಾಸಿ. ಲಾಕೀಷಿನ ಬೂದಿಯಿಂದ ನನ್ನ ವಿಶ್ವಾಸ ಹುಟ್ಟಿಲ್ಲ, ಆದ್ದರಿಂದ ಅಲ್ಲಿ ಏನು ಸಿಕ್ಕರೂ ನೋಡಲು ಭಯವಿಲ್ಲ.

ಮುಂದಿನ ಊರು

ಲಾಕೀಷ್ ಒಂದು ಹದಕ್ಕೆ ಬಂದ ಮೇಲೆ ಹೊಸ ಒಡಂಬಡಿಕೆಗೆ ಹೋಗುವವರಿಗೆ ಕೊರಿಂಥ ಒಳ್ಳೆಯದು. ಅಪೊಸ್ತಲರ ಕೃತ್ಯಗಳು 18ರಲ್ಲಿ ಪೌಲನನ್ನು ರೋಮನ್ ಅಧಿಪತಿ ಗಲ್ಲಿಯೋನನ ನ್ಯಾಯಪೀಠದ ಮುಂದೆ ನಿಲ್ಲಿಸುತ್ತಾರೆ. ಗಲ್ಲಿಯೋನನ ಹೆಸರಿರುವ ಶಾಸನದ ತುಣುಕುಗಳು ದೆಲ್ಫಿಯಲ್ಲಿ ಸಿಕ್ಕಿವೆ. ಅವುಗಳಿಂದ ಅವನ ಅಧಿಕಾರದ ಕಾಲ ಕ್ರಿ.ಶ. 51-52ರ ಸುಮಾರು ಎಂದು ಲೆಕ್ಕ ಸಿಗುತ್ತದೆ. ಪೌಲನ ಜೀವನದ ತಾರೀಖುಗಳೆಲ್ಲ ಹೆಚ್ಚುಕಡಿಮೆ ಈ ಒಂದು ಗೂಟಕ್ಕೆ ಕಟ್ಟಿಕೊಂಡಿವೆ. ಕೊರಿಂಥದ ಪೇಟೆಯಲ್ಲಿ ಆ ನ್ಯಾಯಪೀಠ ಎಂದು ಗುರುತಿಸಿದ ಕಟ್ಟೆಯೂ ಇದೆ. ಕ್ರಮ ಹಿಂದಿನದೇ: ಮೊದಲು ಅಧ್ಯಾಯ, ಆಮೇಲೆ ಶಾಸನದ ಅನುವಾದ, ಆಮೇಲೆ ಉತ್ಖನನದ ನಕ್ಷೆ. ನೋಟ್‌ಬುಕ್ ಹೊಸದು ತೆಗೆದುಕೊಳ್ಳಿ. ಲಾಕೀಷಿನದರಲ್ಲಿ ಇನ್ನೂ ಬರೆಯುವುದು ಇರುತ್ತದೆ, ಅಲ್ಲಿ ಅಗೆತ ನಿಂತಿಲ್ಲ.